ಆಟಿಯ ಮಳೆಗೆ ಯಾವ ಆಲ್ಬಂ? ಎಲೆಕ್ಟ್ರಾನಿಕ್, ಆಂಬಿಯೆಂಟ್, ಮೆಟಲ್ ನಡುವೆ ಒಂದು ಹೋಲಿಕೆ

ಚರಣ್‌ಜಿತ್ ಸಿಂಗ್ ಕೇಳಬೇಕೇ, ಬಸಿನ್ಸ್ಕಿ ಕೇಳಬೇಕೇ, ಡಾರ್ಕ್‌ಥ್ರೋನ್ ಕೇಳಬೇಕೇ? ಒಂದಕ್ಕೊಂದು ಸಂಬಂಧವೇ ಇಲ್ಲದ ಸಂಗೀತಗಾರರ ಹೆಸರುಗಳನ್ನು ಹೀಗೆ ಒಂದೇ ಉಸಿರಿನಲ್ಲಿ ಹೇಳಿ, ಯಾವುದರಿಂದ ಶುರು ಮಾಡಲಿ ಎಂದು ವಿಚಾರಿಸುವವರು ನಮ್ಮ ಕಾಸರಗೋಡಿನಲ್ಲೂ ಈಗ ಸಿಗುತ್ತಾರೆ. ಉಪ್ಪಳದಿಂದ ಮಂಗಳೂರಿನ ಕಾಲೇಜಿಗೆ ದಿನಾ ರೈಲು ಹತ್ತುವ ಹುಡುಗರು, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟದವರು, ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮುಗಿಸಿ ಹಗಲು ಹೊತ್ತು ಕಣ್ಣು ಮುಚ್ಚಬೇಕಾದವರು. ಎಲ್ಲರಿಗೂ ಒಂದೇ ಉತ್ತರ ಕೊಟ್ಟರೆ ನಡೆಯುವುದಿಲ್ಲ. ಹಾಗೆಂದು, ‘ನಿಮಗೆ ಇಷ್ಟವಾದದ್ದನ್ನು ಕೇಳಿ’ ಎಂದು ಅಡ್ಡಗೋಡೆಯ ಮೇಲೆ ದೀಪವಿಡುವುದೂ ಸರಿಯಲ್ಲ. ಯಾವುದು ಇಷ್ಟವಾಗುತ್ತದೆಂದು ತಿಳಿಯದ ಕಾರಣಕ್ಕೇ ಅಲ್ಲವೇ ಅವರು ವಿಚಾರಿಸುತ್ತಿರುವುದು?

ಇಂಥ ಸಂಗೀತದ ಪಟ್ಟಿಗಳು ಸಾಮಾನ್ಯವಾಗಿ ಪ್ರಕಾರದಿಂದ ಆರಂಭವಾಗುತ್ತವೆ. ಇದು ಟೆಕ್ನೋ (ಯಂತ್ರದ ಒಂದೇ ಸಮನೆ ಬಡಿತ), ಇದು ಡ್ರೋನ್ (ಎಳೆದು ನಿಲ್ಲಿಸಿದ ಸ್ವರ), ಇದು ಬ್ಲ್ಯಾಕ್ ಮೆಟಲ್ (ಕೊರೆಯುವ ಗಿಟಾರ್, ಕಿರುಚುವ ಕಂಠ). ಪ್ರಕಾರದ ಹೆಸರು ಗೊತ್ತಿದ್ದರೆ ಹುಡುಕುವುದು ಸುಲಭವಾಗುತ್ತದೆ, ಅದಕ್ಕಿಂತ ಹೆಚ್ಚಿನ ಪ್ರಯೋಜನ ನನಗೆ ಕಂಡಿಲ್ಲ. ಒಂದು ಆಲ್ಬಂ ನಮಗೆ ಒಗ್ಗುವುದೂ ಒಗ್ಗದಿರುವುದೂ ನಾವು ಅದನ್ನು ಯಾವ ಉಪಕರಣದಲ್ಲಿ, ಯಾವ ಸದ್ದಿನ ನಡುವೆ, ಎಷ್ಟು ಹೊತ್ತು ಕೇಳುತ್ತೇವೆ ಎಂಬುದರ ಮೇಲೆ ನಿಂತಿದೆ. ಎಲ್ಲೋ ನಿಶ್ಶಬ್ದವಾದ ಕೋಣೆಯಲ್ಲಿ ಕುಳಿತು, ದುಬಾರಿ ಸ್ಪೀಕರಿನಲ್ಲಿ ಕೇಳಿ ಬರೆದ ಹೊಗಳಿಕೆಯನ್ನು ನಂಬಿ ಶೀಟಿನ ಮಾಡಿನ ಕೆಳಗೆ ಅದೇ ಆಲ್ಬಂ ಹಾಕಿದರೆ ಮಳೆಯ ಸದ್ದು ಮಾತ್ರ ಕೇಳಿಸೀತು.

ಮೊದಲು ಅಳತೆಗೋಲು

ಮೊದಲನೆಯದು ಸ್ಪೀಕರ್. ಮೊಬೈಲಿನೊಳಗಿನ ಪುಟ್ಟ ಸ್ಪೀಕರಿಗೆ ಕೆಲವು ನೂರು ಹರ್ಟ್ಸ್‌ಗಿಂತ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಅಳತೆ) ಕೆಳಗಿನ ಸ್ವರಗಳನ್ನು ಹೊರಡಿಸುವ ತಾಕತ್ತು ಇಲ್ಲವೆಂದೇ ಹೇಳಬೇಕು. ಬಾಸ್ ಗಿಟಾರಿನ ಅತ್ಯಂತ ದಪ್ಪ ತಂತಿ ನುಡಿಯುವುದು ಸುಮಾರು 41 ಹರ್ಟ್ಸ್‌ನಲ್ಲಿ. ಮೆಟಲ್ ತಂಡಗಳು ಅದನ್ನೂ ಸಡಿಲಿಸಿ ಇನ್ನೂ ಕೆಳಗೆ ಶ್ರುತಿ ಮಾಡಿಕೊಳ್ಳುತ್ತವೆ. ಆದರೂ ಮೊಬೈಲಿನಲ್ಲಿ ಬಾಸ್ ಕೇಳಿದಂತೆ ಅನ್ನಿಸುವುದಕ್ಕೆ ಕಾರಣ ಉಪಸ್ವರಗಳು. ಮೂಲಸ್ವರದ ಮೇಲೆ ಹುಟ್ಟುವ ಈ ಸ್ವರಗಳು ಕಿವಿಗೆ ಬಿದ್ದರೆ ಸಾಕು, ಇಲ್ಲದ ಮೂಲಸ್ವರವನ್ನು ಮೆದುಳು ತಾನೇ ತುಂಬಿಕೊಳ್ಳುತ್ತದೆ. ಗಿಟಾರಿನ ನಾದವನ್ನು ಒರಟಾಗಿಸುವ ಡಿಸ್ಟಾರ್ಷನ್ ಮೂಲಕ ಹಾಯಿಸಿದಾಗ ಉಪಸ್ವರಗಳು ಹೇರಳವಾಗಿ ಏಳುತ್ತವೆ. ಹಾಗಾಗಿಯೇ ಮೆಟಲ್ ಅಗ್ಗದ ಸ್ಪೀಕರಿನಲ್ಲೂ ಜೀವ ಹಿಡಿದುಕೊಂಡಿರುತ್ತದೆ. ನುಣುಪಾದ, ಉಪಸ್ವರವಿಲ್ಲದ ಬಾಸನ್ನೇ ನೆಚ್ಚಿಕೊಂಡ ಆಂಬಿಯೆಂಟ್ (ಹಿನ್ನೆಲೆಯಲ್ಲಿ ನಿಧಾನಕ್ಕೆ ಹರಡಿಕೊಳ್ಳುವ ಸಂಗೀತ) ಅದೇ ಸ್ಪೀಕರಿನಲ್ಲಿ ಮಾಯವಾಗುತ್ತದೆ.

ಎರಡನೆಯದು ಸುತ್ತಲಿನ ಸದ್ದು. ಶೀಟಿನ ಮೇಲೆ ಬೀಳುವ ಮಳೆ ಕೆಳಗಿನಿಂದ ಮೇಲಿನವರೆಗೆ ಎಲ್ಲ ಸ್ವರಗಳನ್ನೂ ಮುಚ್ಚುವ ಸದ್ದು. ತೆಳುವಾದ ಮೇಲಿನ ನಾದಗಳು, ಸದ್ದಿಲ್ಲದ ಬಿಡುವುಗಳು ಅದರಲ್ಲಿ ಮೊದಲು ಕೊಚ್ಚಿಹೋಗುತ್ತವೆ. ರೈಲಿನ ಗಡಗಡ ಬೇರೆ ಬಗೆಯದು. ಅದು ಕೆಳಗಿನ ಸ್ವರಗಳನ್ನು ನುಂಗುತ್ತದೆ, ಮಧ್ಯದ ಮತ್ತು ಮೇಲಿನ ಸ್ವರಗಳನ್ನು ಹೆಚ್ಚೂಕಡಿಮೆ ಬಿಟ್ಟುಕೊಡುತ್ತದೆ. ಮಳೆಯಲ್ಲಿ ಗೆಲ್ಲುವ ಆಲ್ಬಂ ರೈಲಿನಲ್ಲೂ ಗೆಲ್ಲಬೇಕೆಂದಿಲ್ಲ.

ಹೊತ್ತು ಮತ್ತು ಗಮನ ಮೂರನೆಯದು. ಐದು ನಿಮಿಷದ ಹಾಡನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. 83 ನಿಮಿಷದ ಒಂದೇ ಹಾಡನ್ನು ಅರ್ಧಕ್ಕೆ ನಿಲ್ಲಿಸಿದರೆ ಅದನ್ನು ಕೇಳಿದ ಹಾಗಾಗುವುದಿಲ್ಲ. ಆಮೇಲೆ ಮನೆಯವರು. ಚಾವಡಿಯಲ್ಲಿ ಹಿರಿಯರು ಕೂತಿರುವಾಗ ಗಂಟಲು ಹರಿಯುವಂತೆ ಕಿರುಚುವ ಹಾಡು ಹಾಕುವುದು ಧೈರ್ಯದ ವಿಷಯವಲ್ಲ, ವಿವೇಕದ ವಿಷಯ. ಕೊನೆಗೆ ದುಡ್ಡು. ಎಷ್ಟು ಖರ್ಚು ಎಂಬುದರಷ್ಟೇ ಅದು ಯಾರ ಕೈ ಸೇರುತ್ತದೆ ಎಂಬುದೂ ಮುಖ್ಯ.

ರೈಲಿನಲ್ಲಿ ಒಂದು ಕಡೆಯ ಪ್ರಯಾಣಕ್ಕೆ

ಇಲ್ಲಿ ನನ್ನ ಮೊದಲ ಮತ ಚರಣ್‌ಜಿತ್ ಸಿಂಗ್ ಅವರಿಗೆ. ಮುಂಬೈಯ ಹಿಂದಿ ಚಿತ್ರಸಂಗೀತದ ಸ್ಟುಡಿಯೋಗಳಲ್ಲಿ ವಾದ್ಯ ನುಡಿಸುತ್ತಿದ್ದ ಇವರು 1982ರಲ್ಲಿ ‘ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ಎಂಬ ಧ್ವನಿಮುದ್ರಿಕೆ ಹೊರತಂದರು. ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳು ಅದರ ಬೆನ್ನೆಲುಬು: ತಾಳಕ್ಕೆ ಟಿಆರ್-808, ಬಾಸಿಗೆ ಟಿಬಿ-303, ರಾಗದ ಸಂಚಾರಕ್ಕೆ ಜೂಪಿಟರ್-8. ಆ ಕಾಲದಲ್ಲಿ ಅದನ್ನು ಕೇಳಿದವರು ಕಡಿಮೆ. 1987ರಲ್ಲಿ ಷಿಕಾಗೋದ ಫ್ಯೂಚರ್ ತಂಡ ಅದೇ 303 ಯಂತ್ರವನ್ನು ತಿರುಚಿ ‘ಆಸಿಡ್ ಟ್ರ್ಯಾಕ್ಸ್’ ಮಾಡಿ, ಆಸಿಡ್ ಹೌಸ್ ಎಂಬ ಕುಣಿತದ ಸಂಗೀತದ ಪ್ರಕಾರವೇ ಹುಟ್ಟಿಕೊಂಡಿತು. 2010ರಲ್ಲಿ ಚರಣ್‌ಜಿತ್ ಅವರ ಆಲ್ಬಂ ಮರುಮುದ್ರಣವಾದಾಗ ಜಗತ್ತಿನ ಕಿವಿ ನಿಮಿರಿತು: ಐದು ವರ್ಷ ಮೊದಲೇ, ಷಿಕಾಗೋದ ಸುದ್ದಿಯೂ ಇಲ್ಲದೆ, ಅದೇ ನಾದ ಮುಂಬೈಯಲ್ಲಿ ಹುಟ್ಟಿತ್ತು. 2015ರಲ್ಲಿ ಅವರು ತೀರಿಕೊಂಡರು. ಕೊನೆಯ ಕೆಲವು ವರ್ಷವಾದರೂ ಆ ಮನ್ನಣೆಯನ್ನು ಕಂಡರು.

ಈ ಚರಿತ್ರೆಯನ್ನು ಬದಿಗಿಟ್ಟು ಕೇಳಿದರೂ ಆಲ್ಬಂ ರೈಲಿಗೆ ಹೇಳಿ ಮಾಡಿಸಿದಂತಿದೆ. ಹತ್ತು ರಾಗ, ಒಂದೊಂದೂ ಐದು ನಿಮಿಷದ ಆಸುಪಾಸು. ಭೈರವದಿಂದ ಹಿಡಿದು ಲಲಿತ, ತೋಡಿ, ಮೇಘಮಲ್ಹಾರ, ಯಮನ್, ಮಾಲ್ಕೌಂಸ್‌ವರೆಗೆ. ಉಪ್ಪಳದಲ್ಲಿ ಭೈರವ ಹಾಕಿದರೆ ಮಂಜೇಶ್ವರ ದಾಟುವಷ್ಟರಲ್ಲಿ ಒಂದೆರಡು ರಾಗ ಮುಗಿದು, ನೇತ್ರಾವತಿಯ ಸೇತುವೆಯ ಮೇಲೆ ಇನ್ನೊಂದು ನಡೆಯುತ್ತಿರುತ್ತದೆ. ಎಲ್ಲಿ ಇಳಿದರೂ ಏನೂ ತುಂಡಾಗುವುದಿಲ್ಲ. ಮಾಧುರ್ಯ ಎಲ್ಲವೂ ಮಧ್ಯದ ಮತ್ತು ಮೇಲಿನ ಸ್ವರಗಳಲ್ಲಿ ಇರುವುದರಿಂದ ಗಡಗಡದ ನಡುವೆಯೂ ಸ್ಪಷ್ಟವಾಗಿ ಕೇಳಿಸುತ್ತದೆ. ಗಮನಿಸಬೇಕಾದದ್ದು 303ರ ಒಂದು ಗುಣ: ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಜಾರುವ ಸೌಲಭ್ಯ ಅದರಲ್ಲಿದೆ. ಚರಣ್‌ಜಿತ್ ಅದನ್ನು ಮೀಂಡ್ ಆಗಿ ಬಳಸಿಕೊಂಡಿದ್ದಾರೆ. ಭೈರವದಲ್ಲಿ ಯಂತ್ರದ ಗಂಟಲಿನಿಂದ ‘ಓಂ ನಮಃ ಶಿವಾಯ’ ಹೊರಡುತ್ತದೆ. ಮೊದಲ ಸಲ ನಗು ಬಂದರೆ ಬರಲಿ.

ಕೊರತೆ ಏನೆಂದರೆ ತಾಳ. ಹತ್ತೂ ರಾಗಗಳಿಗೆ ಒಂದೇ ವೇಗದ, ಒಂದೇ ಬಗೆಯ ಬಡಿತ. ಹಿಂದೂಸ್ತಾನಿಯಲ್ಲಿ ವಿಲಂಬಿತ, ದ್ರುತ ಎಂದು ಕೇಳಿ ಬೆಳೆದವರಿಗೆ ಆರನೆಯ ರಾಗದ ಹೊತ್ತಿಗೆ ಬೇಸರ ಬರಬಹುದು. ಆದುದರಿಂದ ಒಂದು ಪ್ರಯಾಣಕ್ಕೆ ಅರ್ಧ ಆಲ್ಬಂ ಸಾಕು.

ಇದೇ ಸಾಲಿನಲ್ಲಿ ‘ದಿ ಎನ್‌ಐಡಿ ಟೇಪ್ಸ್’ ಹೆಸರನ್ನೂ ಕೆಲವರು ಎತ್ತುತ್ತಾರೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ನೆರವಿನಿಂದ, ವಿದ್ಯುತ್ತಿನಿಂದ ನಾದ ಹುಟ್ಟಿಸುವ ಮೂಗ್ ಸಿಂಥಸೈಸರ್ ಸ್ಥಾಪನೆಯಾಯಿತು. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ ಮುಂತಾದವರು 1972ರವರೆಗೆ ಅದರಲ್ಲಿ ಮಾಡಿದ ಪ್ರಯೋಗಗಳು ಸಂಸ್ಥೆಯ ಸಂಗ್ರಹದಲ್ಲೇ ಉಳಿದು, 2023ರಲ್ಲಿ ಆಲ್ಬಂ ಆಗಿ ಹೊರಬಂದವು. ನಮ್ಮ ದೇಶದ ಎಲೆಕ್ಟ್ರಾನಿಕ್ ಸಂಗೀತದ ಮೂಲ ಹುಡುಕುವವರು ಕೇಳಲೇಬೇಕು. ಆದರೆ ಅದು ಪ್ರಯೋಗಶಾಲೆಯ ಟಿಪ್ಪಣಿ. ಒಂದು ಸೀಟಿ, ಒಂದು ಗುಂಯ್‌ಗುಡಿಕೆ, ಒಂದು ಬಿಡುವು. ನೂಕುನುಗ್ಗಲಿನ ಬೋಗಿಯಲ್ಲಿ ಕೇಳಿದರೆ ಇಯರ್‌ಫೋನ್ ಕೆಟ್ಟಿದೆಯೇ ಎಂಬ ಅನುಮಾನ ಬಂದೀತು. ಭಾನುವಾರ ಮಧ್ಯಾಹ್ನ ಮನೆಯಲ್ಲಿ ಕೂತು ಕೇಳಿ.

ಶೀಟಿನ ಮಾಡಿನ ಕೆಳಗೆ

ಮಳೆಯ ಜೊತೆ ಜಗಳಕ್ಕೆ ನಿಲ್ಲದೆ ಅದನ್ನೇ ಜೊತೆಗಾರನನ್ನಾಗಿ ಮಾಡಿಕೊಳ್ಳುವ ಸಂಗೀತವಿದೆ. ಬರ್ಲಿನ್ನಿನ ಮೋರಿಟ್ಸ್ ಫಾನ್ ಓಸ್ವಾಲ್ಡ್ ಮತ್ತು ಮಾರ್ಕ್ ಎರ್ನೆಸ್ಟಸ್ 1993ರಲ್ಲಿ ಶುರು ಮಾಡಿದ ಬೇಸಿಕ್ ಚಾನೆಲ್ ಅಂಥದ್ದು. ಬಿಡಿ ಬಿಡಿಯಾಗಿ ಬಂದ ಅವರ ಮುದ್ರಿಕೆಗಳಿಂದ ಆಯ್ದದ್ದು 1995ರಲ್ಲಿ ‘ಬಿಸಿಡಿ’ ಹೆಸರಿನ ಸಿಡಿಯಾಗಿ ಬಂತು. ಜಮೈಕಾದ ಡಬ್ ಸಂಗೀತದಲ್ಲಿ ಪ್ರತಿಧ್ವನಿಯನ್ನು ವಾದ್ಯವಾಗಿ ಬಳಸುವ ವಿದ್ಯೆ ಇದೆ. ಅದನ್ನು ಇವರು ಟೆಕ್ನೋದೊಳಗೆ ತಂದರು. ಒಂದೇ ಒಂದು ಸ್ವರಮೇಳ ಪ್ರತಿಧ್ವನಿಸುತ್ತ, ಮಸುಕಾಗುತ್ತ, ಮತ್ತೆ ತೇಲಿಬರುತ್ತ ಇರುತ್ತದೆ. ಸುತ್ತಲೂ ಟೇಪಿನ ಸುಯ್ ಎಂಬ ಸದ್ದು. ಮಳೆ ಜೋರಾದಂತೆ ಆ ಸುಯ್‌ಸದ್ದು ಯಾವುದು, ಹೊರಗಿನ ಸುರಿತ ಯಾವುದು ಎಂದು ಬಿಡಿಸಿ ಹೇಳಲಾಗುವುದಿಲ್ಲ. ಕಾಲು ಗಂಟೆ ಹಾಗೆಯೇ ಕೂತರೆ ಮಳೆಯೇ ತಾಳ ಹಿಡಿದಂತಾಗುತ್ತದೆ. ಒಂದು ಷರತ್ತಿದೆ: ಕೆಳಗಿನ ಬಡಿತ ಹೊರಡಿಸುವಷ್ಟು ತ್ರಾಣವಿರುವ ಬ್ಲೂಟೂತ್ ಸ್ಪೀಕರ್ ಬೇಕು, ಇಲ್ಲವೇ ಕಿವಿಯೊಳಗೆ ಬಿಗಿಯಾಗಿ ಕೂರುವ ರಬ್ಬರ್ ತುದಿಯ ಇಯರ್‌ಫೋನ್. ಬರೀ ಮೊಬೈಲಿನಲ್ಲಾದರೆ ಬೇಡ.

ಗ್ಯಾಸ್ ಎಂಬ ಹೆಸರಿನಲ್ಲಿ ಕಲೋನ್ ನಗರದ ವೋಲ್ಫ್‌ಗಾಂಗ್ ಫೋಯ್ಗ್ಟ್ ಮಾಡಿದ ‘ಪಾಪ್’ (2000) ಇದರ ಹತ್ತಿರದ ನೆಂಟ. ಊರಿನ ಬಳಿಯ ಕ್ಯೋನಿಗ್ಸ್‌ಫಾರ್ಸ್ಟ್ ಕಾಡಿನಲ್ಲಿ ಓಡಾಡಿದ ನೆನಪಿನಿಂದ ಹುಟ್ಟಿದ ಸರಣಿಯ ಆಲ್ಬಂಗಳಲ್ಲಿ ಇದೊಂದು. ತಂತಿವಾದ್ಯಗಳ ತುಣುಕುಗಳನ್ನು ಪದರ ಪದರವಾಗಿ ಹಾಸಿದ್ದಾರೆ. ಬಹುಪಾಲು ಹೊತ್ತು ಹಸಿರು ಮಂಜು, ಕೊನೆಯ ಹಾಡಿನಲ್ಲಿ ಒಂದೇ ಸಮನೆ ಬಡಿತ. ಬೇಸಿಕ್ ಚಾನೆಲ್‌ಗಿಂತ ಮೃದು, ಮನೆಯವರಿಗೂ ಸಹ್ಯ. ಎರಡರಲ್ಲಿ ಒಂದನ್ನು ಮಾತ್ರ ಆರಿಸಬೇಕೆಂದರೆ, ಕಾಲು ಕುಣಿಯುವವರಿಗೆ ‘ಬಿಸಿಡಿ’, ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಳ್ಳುವವರಿಗೆ ‘ಪಾಪ್’.

ಮಳೆಯಲ್ಲಿ ಖಂಡಿತ ಸೋಲುವುದು ಥಾಮಸ್ ಕೋನರ್ ಅವರ ‘ಪರ್ಮಾಫ್ರಾಸ್ಟ್’ (1993). ಜಾಗಟೆಗಳ ನಾದವನ್ನು ಗುರುತು ಸಿಗದಷ್ಟು ಕೆಳಕ್ಕಿಳಿಸಿ ಮಾಡಿದ, ಹಿಮದಡಿಯ ನೆಲದಂಥ ಸಂಗೀತ. ಒಳ್ಳೆಯ ಹೆಡ್‌ಫೋನಿನಲ್ಲಿ, ಕರೆಂಟು ಹೋಗಿ ಫ್ಯಾನೂ ನಿಂತ ಬೇಸಿಗೆಯ ನಡುರಾತ್ರಿಯಲ್ಲಿ ಕೇಳಿದರೆ ಎದೆಯೊಳಗೆ ಏನೋ ಸರಿದಾಡಿದಂತಾಗುತ್ತದೆ. ಮೊಬೈಲ್ ಸ್ಪೀಕರಿನಲ್ಲಿ ಆಲ್ಬಂ ಶುರುವಾದದ್ದೇ ತಿಳಿಯುವುದಿಲ್ಲ. ಇದನ್ನು ಎಲ್ಲರಿಗೂ ಶಿಫಾರಸು ಮಾಡುವವರನ್ನು ನಾನು ನಂಬುವುದಿಲ್ಲ. ಆ ನಾದ ಇಷ್ಟ, ಆದರೆ ತಾಳವೂ ಬೇಕು ಎನ್ನುವವರಿಗೆ ದಾರಿಯೊಂದಿದೆ: ಇದೇ ಕೋನರ್ ಗೆಳೆಯನೊಡನೆ ಪೋರ್ಟರ್ ರಿಕ್ಸ್ ಹೆಸರಿನಲ್ಲಿ 1996ರಲ್ಲಿ ಮಾಡಿದ ‘ಬಯೋಕೈನೆಟಿಕ್ಸ್’. ಅದನ್ನು ಹೊರತಂದದ್ದು ಬೇಸಿಕ್ ಚಾನೆಲ್‌ನವರ ಕಿರುಲೇಬಲ್ ಚೈನ್ ರಿಯಾಕ್ಷನ್.

ನಿದ್ದೆಗೆ

ರಾತ್ರಿಪಾಳಿಯವರು ಮೋಸ ಹೋಗುವುದು ಇಲ್ಲೇ. ಆಂಬಿಯೆಂಟ್ ಎಂದರೆ ನಿದ್ದೆಯ ಮದ್ದು ಎಂದುಕೊಂಡು ಬಯೋಸ್ಫಿಯರ್‌ನ ‘ಸಬ್‌ಸ್ಟ್ರಾಟಾ’ (1997) ಹಾಕುತ್ತಾರೆ. ನಾರ್ವೆಯ ಉತ್ತರ ಭಾಗದ ಟ್ರೊಮ್ಸೊ ಊರಿನ ಗೀರ್ ಯೆನ್ಸನ್ ಬಯೋಸ್ಫಿಯರ್ ಎಂಬ ಹೆಸರಿನಲ್ಲಿ ಮಾಡಿದ ಈ ಆಲ್ಬಂ ನನ್ನ ದೃಷ್ಟಿಯಲ್ಲಿ ಆಂಬಿಯೆಂಟ್‌ನ ಅತಿ ಒಳ್ಳೆಯ ಕೃತಿಗಳಲ್ಲೊಂದು. ಅದರಲ್ಲಿ ಚಳಿ ಇದೆ, ದೂರ ಇದೆ, ತಲೆಯ ಮೇಲೆ ಹಾದುಹೋಗುವ ವಿಮಾನವಿದೆ. ಆದರೆ ನಡುವೆ ಮನುಷ್ಯರ ಮಾತು ಬರುತ್ತದೆ, ನೀರಿನ ಸದ್ದು ತಟ್ಟನೆ ಹತ್ತಿರವಾಗುತ್ತದೆ. ಎಚ್ಚರವಿದ್ದು ಕೇಳುವವನಿಗೆ ಅದೇ ಸೊಗಸು. ನಿದ್ದೆಗೆ ಜಾರುತ್ತಿರುವವನ ಕಿವಿಯಲ್ಲಿ ಅಪರಿಚಿತನೊಬ್ಬ ಮಾತಾಡಿದರೆ ಹೇಗಿರುತ್ತದೆ ಎಂದು ಯೋಚಿಸಿ.

ನಿದ್ದೆಗೆ ಹಿರೋಷಿ ಯೋಶಿಮುರಾ ಅವರ ‘ಮ್ಯೂಸಿಕ್ ಫಾರ್ ನೈನ್ ಪೋಸ್ಟ್ ಕಾರ್ಡ್ಸ್’ (1982) ವಾಸಿ. ಟೋಕಿಯೊದ ಹರಾ ವಸ್ತುಸಂಗ್ರಹಾಲಯಕ್ಕೆ ನಂಟಿರುವ ಈ ಆಲ್ಬಂನಲ್ಲಿ ಇರುವುದು ಕೀಬೋರ್ಡಿನ ಕೆಲವೇ ಸ್ವರಗಳು, ಅವುಗಳ ನಡುವೆ ಬೇಕಾದಷ್ಟು ಗಾಳಿ. ದಶಕಗಳ ಕಾಲ ಜಪಾನಿನ ಹೊರಗೆ ಸಿಗುತ್ತಿರಲಿಲ್ಲ, 2017ರ ಮರುಮುದ್ರಣದಿಂದ ಕೈಗೆಟಕಿತು. ಬಾಸ್ ಮುಖ್ಯವಲ್ಲವಾದ್ದರಿಂದ ಸಾಧಾರಣ ಸ್ಪೀಕರ್ ಸಾಕು, ಮಂಚದ ಬದಿಯ ಮೊಬೈಲೂ ನಡೆಯುತ್ತದೆ. ಮಳೆ ಜೋರಾದರೆ ಇದೂ ಕೇಳಿಸುವುದಿಲ್ಲ. ಆಗ ಮಳೆಯೇ ಸಾಕಲ್ಲ.

ವಿಲಿಯಂ ಬಸಿನ್ಸ್ಕಿಯನ್ನು ನಿದ್ದೆಗೆ ಹಾಕಬೇಡಿ ಎಂದು ನಾನು ಹೇಳುವುದು ಬೇರೆ ಕಾರಣಕ್ಕೆ. ‘ದಿ ಡಿಸ್‌ಇಂಟಿಗ್ರೇಷನ್ ಲೂಪ್ಸ್’ ಹುಟ್ಟಿದ ಬಗೆಯೇ ಅದರ ವಸ್ತು. 1982ರಲ್ಲಿ ಟೇಪಿನ ಚಿಕ್ಕ ಸುರುಳಿಗಳಲ್ಲಿ ಹಿಡಿದಿಟ್ಟಿದ್ದ ಸಂಗೀತದ ತುಣುಕುಗಳನ್ನು ಬಸಿನ್ಸ್ಕಿ 2001ರಲ್ಲಿ ಡಿಜಿಟಲ್‌ಗೆ ಇಳಿಸಲು ಹೊರಟರು. ಸುರುಳಿ ಯಂತ್ರದ ಮೇಲೆ ಸುತ್ತುತ್ತಿದ್ದಂತೆ ಹಳೆಯ ಟೇಪಿನ ಮೇಲಿನ ಐರನ್ ಆಕ್ಸೈಡ್ ಪುಡಿಪುಡಿಯಾಗಿ ಉದುರತೊಡಗಿತು. ಅವರು ನಿಲ್ಲಿಸಲಿಲ್ಲ, ಉದುರುವುದನ್ನೇ ಧ್ವನಿಮುದ್ರಿಸಿಕೊಂಡರು. ಮೊದಲ ಭಾಗ 63 ನಿಮಿಷ. ಅದೇ ಕೆಲವು ಕ್ಷಣಗಳ ಮಾಧುರ್ಯ ಮತ್ತೆ ಮತ್ತೆ ಬರುತ್ತದೆ. ಏನೂ ಬದಲಾಗುತ್ತಿಲ್ಲ ಎಂದುಕೊಳ್ಳುವಾಗ ಒಂದು ಸ್ವರದ ಅಂಚು ಚೂರಾಗಿರುವುದು ಗೊತ್ತಾಗುತ್ತದೆ. ಮುಂದಿನ ಸುತ್ತಿನಲ್ಲಿ ಅಲ್ಲೊಂದು ತೂತು. ಆಮೇಲೆ ತೂತುಗಳ ನಡುವೆ ಸ್ವರ ಉಳಿದಿದೆಯೇ ಎಂದು ಹುಡುಕುವ ಸ್ಥಿತಿ. ಆ ವರ್ಷದ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ತಮ್ಮ ಮನೆಯ ಮಾಳಿಗೆಯಿಂದ ಅವರು ಹೊಗೆಯನ್ನು ಚಿತ್ರಿಸಿಕೊಂಡರು. ಆಲ್ಬಂ ಆ ದಿನಕ್ಕೆ ಅಂಟಿಕೊಂಡುಬಿಟ್ಟಿತು. ನಿದ್ದೆ ಹೋದರೆ ಈ ಸವೆತವೇ ತಪ್ಪಿಹೋಗುತ್ತದೆ. ಇದಕ್ಕೆ ಬೇಕಾದದ್ದು ಕೈಗೆ ಕೆಲಸ, ಕಿವಿಗೆ ಬಿಡುವು.

ಅಡಿಕೆ ಸುಲಿಯುವ ಹೊತ್ತಿನಲ್ಲಿ

ತೋಟದವರು ನನಗೆ ಸಿಕ್ಕ ಶ್ರೋತೃಗಳಲ್ಲೇ ಅದೃಷ್ಟವಂತರು. ಸುಲಿಯಲು ಕೂತರೆ ಗಂಟೆಗಟ್ಟಲೆ ಏಳುವಂತಿಲ್ಲ, ಮೊಬೈಲ್ ಮುಟ್ಟುವ ಹಾಗಿಲ್ಲ, ಮುಂದಿನ ಹಾಡಿಗೆ ಜಿಗಿಯುವ ಚಪಲವೂ ಇಲ್ಲ. ಪೇಟೆಯ ಕೇಳುಗರಿಗೆ ಕಷ್ಟವೆನಿಸುವ ಉದ್ದದ ಆಲ್ಬಂಗಳು ಇವರಿಗೆ ಸಲೀಸು. ರಾತ್ರಿ ಶುರುವಾಗಿ ಬೆಳಕು ಹರಿಯುವವರೆಗೆ ಬಯಲಾಟ ನೋಡಿ ಗೊತ್ತಿರುವವರಿಗೆ ಎಂಬತ್ತು ನಿಮಿಷದ ಒಂದು ಹಾಡು ಒಂದು ಒಡ್ಡೋಲಗದ ಹಾಗೆ. ನಿಧಾನಕ್ಕೆ ಬರುವ ವೇಷಕ್ಕೆ ಕಾಯುವುದು ಅಭ್ಯಾಸವಿದೆ.

ಅಮೆರಿಕದ ಸಿಯಾಟಲ್‌ನ ಬೆಲ್ ವಿಚ್ ತಂಡದ ‘ಮಿರರ್ ರೀಪರ್’ (2017) ಅಂಥದ್ದೊಂದು. ಫ್ಯೂನರಲ್ ಡೂಮ್ ಎಂಬ ಅತಿ ವಿಳಂಬದ ಮೆಟಲ್. ಇಡೀ ಆಲ್ಬಂ ಒಂದೇ ಹಾಡು, 83 ನಿಮಿಷ. ಗಿಟಾರ್ ಇಲ್ಲ, ಬಾಸ್ ಮತ್ತು ಡ್ರಮ್ ಮುಖ್ಯ, ಅಲ್ಲಲ್ಲಿ ಆರ್ಗನ್. 2016ರಲ್ಲಿ ತೀರಿಕೊಂಡ ಹಳೆಯ ಡ್ರಮ್ಮರ್ ಏಡ್ರಿಯನ್ ಗೆರ‍್ರಾ ಅವರ ಧ್ವನಿಯನ್ನು ಹಾಡಿನ ನಡುವೆ ಸೇರಿಸಿದ್ದಾರೆ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಒಂದು ಅಡಿಕೆ ಸುಲಿದು ಬುಟ್ಟಿಗೆ ಹಾಕಬಹುದು. ಇಷ್ಟು ನಿಧಾನವಾದದ್ದರಲ್ಲಿ ಗಂಟಲಿನ ಗರ್ಜನೆಯೂ ಸಿಟ್ಟಾಗಿ ಕೇಳಿಸದೆ ನರಳಿಕೆಯಾಗಿ ಕೇಳಿಸುತ್ತದೆ. ಮನೆಯಲ್ಲಿ ಸಾವಾಗಿದ್ದರೆ ಸ್ವಲ್ಪ ದಿನ ಬಿಟ್ಟು ಕೇಳಿ.

ಇಷ್ಟು ಉದ್ದ ಬೇಡ, ಮೂಲ ನೋಡಬೇಕು ಎನ್ನುವವರಿಗೆ ಫಿನ್ಲೆಂಡಿನ ಥರ್ಗೊಥಾನ್ ತಂಡದ ‘ಸ್ಟ್ರೀಮ್ ಫ್ರಂ ದ ಹೆವೆನ್ಸ್’ (1994) ಇದೆ. ಈ ಪ್ರಕಾರದ ಅಡಿಗಲ್ಲುಗಳಲ್ಲೊಂದು, ಸುಮಾರು ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಧ್ವನಿಮುದ್ರಣ ಕಚ್ಚಾ. ಒಳ್ಳೆಯ ಉಪಕರಣ ಇದ್ದರೂ ಪ್ರಯೋಜನವಿಲ್ಲದಷ್ಟು ಕಚ್ಚಾ. ಹಾಗಾಗಿ ದುಡ್ಡಿಲ್ಲದವರಿಗೆ ನಷ್ಟವೇನೂ ಆಗುವುದಿಲ್ಲ.

ಅರ್ಥ್ ತಂಡದ ‘ಅರ್ಥ್ 2’ (1993) ಮೂರನೆಯ ಆಯ್ಕೆ. ಮೂರೇ ಹಾಡು, 73 ನಿಮಿಷ, ತಾಳವೆಂಬುದು ಹೆಚ್ಚೂಕಡಿಮೆ ಇಲ್ಲ. ‘ಸ್ಪೆಷಲ್ ಲೋ ಫ್ರೀಕ್ವೆನ್ಸಿ ವರ್ಷನ್’ ಎಂಬ ಉಪಶೀರ್ಷಿಕೆ ನೋಡಿ ಇದಕ್ಕೆ ದೊಡ್ಡ ಸ್ಪೀಕರೇ ಬೇಕೆಂದು ಹೆದರಬೇಡಿ. ಡಿಸ್ಟಾರ್ಷನ್ ತುಂಬಿದ ಗಿಟಾರ್ ಆದುದರಿಂದ, ಮೊದಲು ಹೇಳಿದ ಉಪಸ್ವರಗಳ ಲೆಕ್ಕದಲ್ಲಿ, ಸಾಧಾರಣ ಬ್ಲೂಟೂತ್ ಸ್ಪೀಕರಿನಲ್ಲೂ ನಿಲ್ಲುತ್ತದೆ, ಮಳೆಯಲ್ಲೂ ನಿಲ್ಲುತ್ತದೆ. ‘ಇದೆಂಥದು, ಒಂದೇ ಸ್ವರ ಎಳೆಯುವುದು’ ಎಂದು ಅಜ್ಜ ಮೂಗು ಮುರಿದರೆ ಹೇಳಲು ಒಂದು ಮಾತಿದೆ: ಅಮೆರಿಕದ ಡ್ರೋನ್ ಸಂಗೀತದ ಹಿರಿಯರಾದ ಲಾ ಮಾಂಟೆ ಯಂಗ್, ಟೆರಿ ರೈಲಿ ಇಬ್ಬರೂ 1970ರಲ್ಲಿ ಕಿರಾಣಾ ಘರಾಣೆಯ ಪಂಡಿತ್ ಪ್ರಾಣನಾಥರ ಶಿಷ್ಯರಾದವರು. ಶ್ರುತಿಯ ಮೇಲಿನ ಮೋಹದ ಒಂದು ಬೇರು ನಮ್ಮ ತಂಬೂರಿಯಲ್ಲೇ ಇದೆ.

ಬಸಿನ್ಸ್ಕಿ, ಬೆಲ್ ವಿಚ್, ಅರ್ಥ್: ಈ ಮೂರರಲ್ಲಿ ಒಂದೇ ಸಾಕೆಂದರೆ ನಾನು ಬಸಿನ್ಸ್ಕಿಯನ್ನು ಕೊಡುತ್ತೇನೆ. ಪಕ್ಕದಲ್ಲಿ ಕೂತು ಸುಲಿಯುವವರ ಮಾತುಕತೆಗೂ ಅಡ್ಡಿಯಿಲ್ಲ, ಸಾಧಾರಣ ಸ್ಪೀಕರಿಗೂ ಸರಿಹೋಗುತ್ತದೆ. ಒಬ್ಬರೇ ಕೂತಿದ್ದರೆ ಬೆಲ್ ವಿಚ್.

ಅಗ್ಗದ ಸ್ಪೀಕರಿನ ರಾಜ, ಮತ್ತು ಅವನ ಕಳಂಕ

ಉಪಕರಣ ತೀರಾ ಕಳಪೆ, ಮಳೆ ಜೋರು, ಆದರೂ ಏನಾದರೂ ಕೇಳಲೇಬೇಕು ಎನ್ನುವವರಿಗೆ ನಾರ್ವೆಯ ಬ್ಲ್ಯಾಕ್ ಮೆಟಲ್ ತಂಡ ಡಾರ್ಕ್‌ಥ್ರೋನ್‌ನ ‘ಟ್ರಾನ್ಸಿಲ್ವೇನಿಯನ್ ಹಂಗರ್’ (1994) ಸರಿಸಾಟಿಯಿಲ್ಲದ್ದು. ನಾಲ್ಕು ಟ್ರ್ಯಾಕಿನ ಮನೆಬಳಕೆಯ ಯಂತ್ರದಲ್ಲಿ ವಾದ್ಯಗಳನ್ನೆಲ್ಲ ಫೆನ್ರಿಜ್ ಒಬ್ಬರೇ ನುಡಿಸಿ ಮುದ್ರಿಸಿದರು, ಕಂಠ ನಾಕ್ಟರ್ನೊ ಕಲ್ಟೊ ಅವರದು. ಬಾಸ್ ಕಿವಿಗೆ ಬೀಳುವುದೇ ಅಪರೂಪ. ಎಲ್ಲವೂ ಮಧ್ಯ ಮತ್ತು ಮೇಲಿನ ಸ್ವರಗಳಲ್ಲಿ ಕೊರೆಯುವ ಗಿಟಾರ್. ಮೊಬೈಲ್ ಸ್ಪೀಕರಿನಲ್ಲಿ ಕಳೆದುಕೊಳ್ಳಲು ಅದರಲ್ಲಿ ಏನೂ ಇಲ್ಲ. ಡ್ರಮ್ ಶುರುವಿನಿಂದ ಕೊನೆಯವರೆಗೆ ಒಂದೇ ಓಟ, ಗಿಟಾರಿನ ಒಂದೆರಡು ಸಾಲು ಸುತ್ತಿ ಸುತ್ತಿ ಬರುತ್ತವೆ. ಸ್ವಲ್ಪ ಹೊತ್ತಿನಲ್ಲಿ ಅದು ಮೆಟಲ್ ಎಂಬುದೇ ಮರೆತು ಆಂಬಿಯೆಂಟ್ ಕೇಳಿದಂತಾಗುತ್ತದೆ. ಇಯರ್‌ಫೋನಿನಲ್ಲಿ ಕೇಳಿ, ಚಾವಡಿಯಲ್ಲಿ ಬೇಡ.

ಆದರೆ ಕೊಳ್ಳುವ ಮುಂಚೆ ತಿಳಿದಿರಬೇಕಾದದ್ದಿದೆ. ಈ ಆಲ್ಬಂನ ನಾಲ್ಕು ಹಾಡುಗಳ ಸಾಹಿತ್ಯ ನಾರ್ವೆಯ ಇನ್ನೊಬ್ಬ ಬ್ಲ್ಯಾಕ್ ಮೆಟಲ್ ಸಂಗೀತಗಾರ ವಾರ್ಗ್ ವಿಕರ್ನೆಸ್‌ನದು. ಚರ್ಚುಗಳಿಗೆ ಬೆಂಕಿಯಿಟ್ಟು, 1993ರಲ್ಲಿ ಮೇಹೆಮ್ ತಂಡದ ಯೂರೊನಿಮಸ್‌ನನ್ನು ಕೊಂದು, 1994ರಲ್ಲಿ ಶಿಕ್ಷೆಗೊಳಗಾದವನು, ಜನಾಂಗದ್ವೇಷದ ಮಾತುಗಳಿಗೆ ಹೆಸರಾದವನು. ಆಲ್ಬಂನ ಮೊದಲ ಮುದ್ರಣದ ಹಿಂಬದಿಯಲ್ಲಿ ‘ನಾರ್ವೆಯ ಆರ್ಯ ಬ್ಲ್ಯಾಕ್ ಮೆಟಲ್’ ಎಂಬ ಅರ್ಥದ ಸಾಲಿತ್ತು. ಆಮೇಲೆ ಅದನ್ನು ತೆಗೆದುಹಾಕಿದರು, ತಂಡ ಆ ನಿಲುವಿನಿಂದ ದೂರ ಸರಿಯಿತು. ತುಳು, ಮಲಯಾಳ, ಕನ್ನಡ, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲ ಒಂದೇ ಬಸ್ಸಿನಲ್ಲಿ ಕೇಳಿಸುವ ಊರಿನಲ್ಲಿ ಬೆಳೆದ ನನಗೆ ಆ ಸಾಲು ಅಸಹ್ಯ. ಸಂಗೀತ ಬೇಕು, ಕೊಳಕು ಬೇಡ ಎನ್ನುವವರು ಇದೇ ತಂಡದ ‘ಎ ಬ್ಲೇಜ್ ಇನ್ ದ ನಾರ್ದರ್ನ್ ಸ್ಕೈ’ (1992) ಆರಿಸಬಹುದು. ಅದು ಇಷ್ಟು ಕೊರೆಯುವುದಿಲ್ಲ, ಡೆತ್ ಮೆಟಲ್‌ನ ಪಸೆ ಇನ್ನೂ ಉಳಿದಿದೆ, ಮೊದಲ ಸಲ ಕೇಳುವವರಿಗೆ ಹಾಡುಗಳನ್ನು ಬಿಡಿಸಿ ಗುರುತಿಸುವುದೂ ಸುಲಭ.

ಹತ್ತಿರದವರನ್ನು ಬಿಟ್ಟು ನಾರ್ವೆಗೇ ಏಕೆ ಹೋಗಬೇಕು ಎಂದರೆ ಬೆಂಗಳೂರು ಇದೆ. 1990ರ ದಶಕದಿಂದ ಡೂಮ್ ಮತ್ತು ಡೆತ್ ಬೆರೆಸಿದ ಡೈಯಿಂಗ್ ಎಂಬ್ರೇಸ್, 1998ರಲ್ಲಿ ಆರಂಭವಾಗಿ ಜರ್ಮನಿಯ ವಾಕೆನ್ ಉತ್ಸವದವರೆಗೆ ಹೋಗಿಬಂದ ಕ್ರಿಪ್ಟೋಸ್, 2012ರಲ್ಲಿ ಮೊದಲ ಆಲ್ಬಂ ತಂದ ಬೆವರ್ ಸೀ. ಕಿರುಚಾಟ ಒಗ್ಗದವರು ಕ್ರಿಪ್ಟೋಸ್‌ನಿಂದ ಶುರು ಮಾಡಿ. ಹಳೆಯ ಹೆವಿ ಮೆಟಲ್‌ನ ಜೋಡಿ ಗಿಟಾರಿನ ಮಾಧುರ್ಯ ಅಲ್ಲಿದೆ, ರೈಲಿಗೂ ಚೆನ್ನ. ಬೆವರ್ ಸೀ ನಿಧಾನ, ದಪ್ಪ, ತಮಾಷೆಯ ಗುಣದ್ದು. ತಂಡದ ಹೆಸರನ್ನು ಮಾತ್ರ ಹಿರಿಯರ ಮುಂದೆ ಗಟ್ಟಿಯಾಗಿ ಹೇಳಬೇಡಿ.

ದುಡ್ಡಿನ ಮಾತು

ಕೈಯಲ್ಲಿ ಏನೂ ಇಲ್ಲದಿದ್ದರೂ ಇವುಗಳಲ್ಲಿ ಹಲವನ್ನು ಬ್ಯಾಂಡ್‌ಕ್ಯಾಂಪ್ ಎಂಬ ಆನ್‌ಲೈನ್ ಸಂಗೀತ ಮಳಿಗೆಯಲ್ಲಿ ಬಿಟ್ಟಿಯಾಗಿ ಕೇಳಿ ನೋಡಬಹುದು. ಕೊಳ್ಳುವುದಾದರೆ ಡಿಜಿಟಲ್ ಆಲ್ಬಂಗೆ ಸಾಮಾನ್ಯವಾಗಿ ಏಳೆಂಟು ಡಾಲರಿನ ಆಸುಪಾಸು. ‘ನಿಮಗೆ ತೋಚಿದಷ್ಟು ಕೊಡಿ’ ಎನ್ನುವ ತಂಡಗಳೂ ಇವೆ. ಡಿಜಿಟಲ್ ಮಾರಾಟದಲ್ಲಿ ಬ್ಯಾಂಡ್‌ಕ್ಯಾಂಪ್ ಇಟ್ಟುಕೊಳ್ಳುವುದು ಶೇ 15, ದೊಡ್ಡ ಪಾಲು ಸಂಗೀತಗಾರರಿಗೆ ಅಥವಾ ಅವರ ಲೇಬಲ್‌ಗೆ ಹೋಗುತ್ತದೆ. 2020ರ ಮಾರ್ಚಿನಲ್ಲಿ ಶುರುವಾದ ‘ಬ್ಯಾಂಡ್‌ಕ್ಯಾಂಪ್ ಶುಕ್ರವಾರ’ ಎಂಬ ಆಯ್ದ ಶುಕ್ರವಾರಗಳಂದು ಆ ಶೇ 15ನ್ನೂ ಬಿಟ್ಟುಕೊಡುತ್ತಾರೆ. ಯುಪಿಐ ಅಲ್ಲಿ ನಡೆಯುವುದಿಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ವ್ಯವಹಾರವನ್ನು ತೆರೆದು, ಕೊಂಡ ಮೇಲೆ ಮತ್ತೆ ಮುಚ್ಚಿಬಿಡಿ. ವಿನಿಮಯ ಶುಲ್ಕವೆಂದು ಬ್ಯಾಂಕು ಸ್ವಲ್ಪ ಹೆಚ್ಚಿಗೆ ಹಿಡಿದುಕೊಳ್ಳುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಗುಡ್ಡದ ಮರೆಯಲ್ಲಿ ನೆಟ್‌ವರ್ಕ್ ಬಂದು ಹೋಗುವ ಮನೆಗಳಲ್ಲಿ ಆನ್‌ಲೈನಿನಲ್ಲಿ ಕೇಳುವ ಆಸೆ ಬಿಡಿ, ಪೇಟೆಗೆ ಹೋದಾಗ ಇಳಿಸಿಕೊಂಡು ಬನ್ನಿ. 320 ಕೆಬಿಪಿಎಸ್ ಎಂಪಿ3 ಒಂದು ನಿಮಿಷಕ್ಕೆ 2.4 ಎಂಬಿ; ಬೆಲ್ ವಿಚ್‌ನ 83 ನಿಮಿಷ ಸುಮಾರು 200 ಎಂಬಿ. ಮೂಲ ಧ್ವನಿಯಲ್ಲಿ ಏನನ್ನೂ ಕಳೆಯದ ಫ್ಲ್ಯಾಕ್ ಕಡತ ಇದರ ಎರಡು–ಮೂರು ಪಟ್ಟು ಜಾಗ ಹಿಡಿಯುತ್ತದೆ, ಮಳೆಯ ಕೆಳಗೆ ಎರಡಕ್ಕೂ ವ್ಯತ್ಯಾಸ ಕೇಳಿಸುವವರನ್ನು ನಾನು ಕಂಡಿಲ್ಲ. ಐನೂರು–ಸಾವಿರ ರೂಪಾಯಿ ಇದ್ದರೆ ಆಲ್ಬಂಗಿಂತ ಮೊದಲು ವೈರಿನ, ರಬ್ಬರ್ ತುದಿಯ ಇಯರ್‌ಫೋನ್ ಕೊಳ್ಳಿ. ಕರೆಂಟು ಹೋದ ದಿನ ಅದಕ್ಕೆ ಬೇರೆ ಚಾರ್ಜು ಬೇಕಾಗುವುದಿಲ್ಲ, ಬೇಸಿಕ್ ಚಾನೆಲ್‌ನ ಬಡಿತವೂ ಕೋನರ್‌ನ ನೆಲಗುಡುಗೂ ಅದರಲ್ಲೇ ಮೊದಲು ಕೇಳಿಸುವುದು.

ವಿನೈಲ್ ವಿಷಯದಲ್ಲಿ ನಾನು ಕಟು. ಆಲ್ಬಂನ ಬೆಲೆ, ಸಾಗಣೆ, ಕೆಲವೊಮ್ಮೆ ಬಾಗಿಲಿಗೆ ಬರುವ ಸುಂಕ, ಅದರ ಮೇಲೆ ಪ್ಲೇಯರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಸಾಲದ್ದಕ್ಕೆ ನಮ್ಮ ಹವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಟ್ಟಿನ ಹೊದಿಕೆಗಳಿಗೆ ಬೂಸ್ಟು ಹಿಡಿಯುತ್ತದೆ. ಮೆಟಲ್‌ನ ಸಣ್ಣ ಲೇಬಲ್‌ಗಳು ಇಂದಿಗೂ ಮಾರುವ ಕ್ಯಾಸೆಟ್ಟಿನ ಗತಿಯೂ ಅದೇ. ತಾಳಮದ್ದಳೆಯ ಹಳೆಯ ಕ್ಯಾಸೆಟ್ಟುಗಳನ್ನು ಕಪಾಟಿನಿಂದ ತೆಗೆದು, ರೀಲಿನ ಮೇಲೆ ಬಿಳಿ ಮಚ್ಚೆ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕೈಯಲ್ಲಿ ಹಿಡಿದು ನೋಡುವ ಆಸೆ ತಡೆಯಲಾಗದಿದ್ದರೆ ಕ್ಯಾಸೆಟ್ಟನ್ನು ಮಳೆ ನಿಂತ ಮೇಲೆ ತರಿಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಅದರೊಂದಿಗೆ ಬರುವ ಡೌನ್‌ಲೋಡ್ ಕೋಡನ್ನು ಮಾತ್ರ ಬಂದ ದಿನವೇ ಬಳಸಿಬಿಡಿ.